ಆರ್‌ನಲ್ಲಿ ಗ್ರಿಡ್ ದತ್ತಾಂಶಕ್ಕೆ ಟೆರ್ರಾ: ವೇಗವೂ ಇದೆ, ಸದ್ದಿಲ್ಲದ ತಪ್ಪುಗಳೂ ಇವೆ

ಮಳೆ, ತಾಪಮಾನ, ನೆಲದ ಎತ್ತರ, ಉಪಗ್ರಹ ಚಿತ್ರ, ಭೂಬಳಕೆ ನಕ್ಷೆ ಎಲ್ಲವೂ ಕೊನೆಗೆ ನಮ್ಮ ಕೈಗೆ ಬರುವುದು ಸಾಲು, ಕಾಲಂಗಳಲ್ಲಿ ಜೋಡಿಸಿದ ಚೌಕಗಳಾಗಿ, ಅಂದರೆ ಗ್ರಿಡ್ ಆಗಿ; ಒಂದೊಂದು ಚೌಕ ಒಂದು ಸೆಲ್. ಇಂಥ ದತ್ತಾಂಶವನ್ನು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಂಸ್ಕರಿಸುವವರು ಇವತ್ತು ಮೊದಲು ಕಲಿಯಬೇಕಾದ ಪ್ಯಾಕೇಜ್ ಟೆರ್ರಾ, ಅದರಲ್ಲಿ ಎರಡು ಮಾತಿಲ್ಲ. ಅದು ಉಚಿತ, ಮುಕ್ತ ತಂತ್ರಾಂಶ; ವೇಗ ಚೆನ್ನಾಗಿದೆ; ಮೆಮೊರಿಯಲ್ಲಿ ಹಿಡಿಸದಷ್ಟು ದೊಡ್ಡ ಫೈಲನ್ನೂ ನಿಭಾಯಿಸುತ್ತದೆ. ಆದರೆ ಗ್ರಿಡ್ಡಿನ ಬಗ್ಗೆ ನಾವು ಹೇಳಿದ್ದನ್ನೆಲ್ಲ ಅದು ನಂಬುತ್ತದೆ. ತಪ್ಪು ಹೇಳಿದ್ದರೆ, ಅಥವಾ ಹೇಳಬೇಕಾದ್ದನ್ನು ಹೇಳದೆ ಬಿಟ್ಟಿದ್ದರೆ, ಬಹಳ ಸಲ ದೋಷದ ಸಂದೇಶವೇ ಬರುವುದಿಲ್ಲ. ನೋಡಲು ಸರಿಯಾಗಿಯೇ ಕಾಣುವ ತಪ್ಪು ನಕ್ಷೆ ಬರುತ್ತದೆ. ಹಾಗಾಗಿ ಈ ವಿಮರ್ಶೆಯ ಹೆಚ್ಚಿನ ಭಾಗ ಅಂಥ ಜಾಗಗಳ ಬಗ್ಗೆಯೇ ಇದೆ.

ಟೆರ್ರಾವನ್ನು ಬರೆದವರು ರಾಬರ್ಟ್ ಹೈಮನ್ಸ್. ಅವರದೇ ಹಳೆಯ ಪ್ಯಾಕೇಜ್ ‘ರಾಸ್ಟರ್’ ಆರ್ ಪ್ಯಾಕೇಜುಗಳ ಅಧಿಕೃತ ಭಂಡಾರವಾದ ಕ್ರಾನ್‌ಗೆ ಬಂದದ್ದು 2010ರಲ್ಲಿ, ಟೆರ್ರಾ ಬಂದದ್ದು 2020ರಲ್ಲಿ. ಹಳೆಯದರಲ್ಲಿ ಒಂದೇ ಪದರಕ್ಕೆ ಲೇಯರ್, ಹಲವು ಫೈಲುಗಳ ಪದರಗಳಿಗೆ ಸ್ಟ್ಯಾಕ್, ಒಂದೇ ಫೈಲಿನ ಹಲವು ಪದರಗಳಿಗೆ ಬ್ರಿಕ್ ಎಂದು ಮೂರು ಕ್ಲಾಸುಗಳಿದ್ದವು. ಯಾವುದಕ್ಕೆ ಯಾವುದು ವೇಗ ಎಂದು ನೆನಪಿಟ್ಟುಕೊಳ್ಳುವುದೇ ಒಂದು ಕೆಲಸವಾಗಿತ್ತು. ಈಗ ಎಲ್ಲಕ್ಕೂ ‘ಸ್ಪ್ಯಾಟ್‌ರಾಸ್ಟರ್’ ಒಂದೇ. ಬಿಂದು, ಗೆರೆ, ಬಹುಭುಜಗಳಿಗೆ ‘ಸ್ಪ್ಯಾಟ್‌ವೆಕ್ಟರ್’. ಒಳಗಿನ ಲೆಕ್ಕವೆಲ್ಲ ಸಿ ಪ್ಲಸ್ ಪ್ಲಸ್‌ನಲ್ಲಿ ನಡೆಯುತ್ತದೆ. ಹೊರಗಿನ ಮೂರು ಲೈಬ್ರರಿಗಳೂ ಇವೆ: ಫೈಲು ಓದುವುದು ಜಿಡಾಲ್, ನಿರ್ದೇಶಾಂಕ ಪರಿವರ್ತನೆ ಪ್ರೊಜ್, ಆಕೃತಿಗಳ ಕೆಲಸ ಜಿಯೋಸ್. 2023ರ ಅಕ್ಟೋಬರ್‌ನಲ್ಲಿ ಆರ್‌ಜಿಡಾಲ್, ಆರ್‌ಜಿಯೋಸ್, ಮ್ಯಾಪ್‌ಟೂಲ್ಸ್ ಎಂಬ ಮೂರು ಹಳೆಯ ಪ್ಯಾಕೇಜುಗಳನ್ನೂ ಕ್ರಾನ್‌ನಿಂದ ತೆಗೆದ ಮೇಲೆ ಹಳೆಯ ಕೋಡ್ ಬಹಳಷ್ಟು ನಿಂತುಹೋಯಿತು. ರಾಸ್ಟರ್ ಪ್ಯಾಕೇಜ್ ಕೂಡ ಈಗ ಫೈಲು ಓದಲು, ಬರೆಯಲು ಟೆರ್ರಾವನ್ನೇ ನೆಚ್ಚಿಕೊಂಡಿದೆ. ಹೊಸ ಕೆಲಸವನ್ನು ಅದರಲ್ಲಿ ಶುರು ಮಾಡುವುದಕ್ಕೆ ಕಾರಣವೇ ಉಳಿದಿಲ್ಲ.

ಅನುಸ್ಥಾಪನೆ ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಒಂದು ಸಾಲಿನ ಕೆಲಸ, ಬೇಕಾದ ಲೈಬ್ರರಿಗಳು ಪ್ಯಾಕೇಜಿನ ಜೊತೆಗೇ ಬರುತ್ತವೆ. ಲಿನಕ್ಸ್‌ನಲ್ಲಿ ಮೊದಲು ಜಿಡಾಲ್, ಪ್ರೊಜ್, ಜಿಯೋಸ್ ಮೂರರ ಡೆವಲಪ್‌ಮೆಂಟ್ ಆವೃತ್ತಿಗಳನ್ನು ಹಾಕಿಕೊಳ್ಳಬೇಕು. ಸಿಸ್ಟಮ್ಮಿನ ಜಿಡಾಲ್ ಬದಲಾದರೆ ಟೆರ್ರಾವನ್ನು ಮತ್ತೆ ಕಂಪೈಲ್ ಮಾಡಬೇಕು. ವಿಂಡೋಸ್‌ನಲ್ಲಿ ಒಂದು ತೊಡಕು ಆಗಾಗ ಕಾಡುತ್ತದೆ. ಅದೇ ಯಂತ್ರದಲ್ಲಿ ಪೋಸ್ಟ್‌ಜಿಐಎಸ್‌ನಂಥ ತಂತ್ರಾಂಶವಿದ್ದು, ಅದು ಪ್ರೊಜ್ ಲೈಬ್ರರಿಯ ದಾರಿ ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನು ತನ್ನ ಕಡೆಗೆ ತಿರುಗಿಸಿಕೊಂಡಿದ್ದರೆ, ಟೆರ್ರಾಗೆ ಬೇರೆ ಆವೃತ್ತಿಯ ಪ್ರೊಜ್ ಡೇಟಾಬೇಸ್ ಸಿಗುತ್ತದೆ. ಆಗ ಸಾಮಾನ್ಯ ಇಪಿಎಸ್‌ಜಿ ಸಂಖ್ಯೆಯನ್ನೂ (ನಿರ್ದೇಶಾಂಕ ವ್ಯವಸ್ಥೆಯನ್ನು ಗುರುತಿಸುವ ಸಂಖ್ಯೆ) ಅದು ಗುರುತಿಸುವುದಿಲ್ಲ. ಟೆರ್ರಾ ಲೋಡ್ ಮಾಡುವ ಮೊದಲು ಆ ವೇರಿಯಬಲ್ಲನ್ನು ತೆಗೆದುಹಾಕಿದರೆ ಸರಿಹೋಗುತ್ತದೆ.

ಫೈಲು ತೆರೆದರೂ ಅಂಕಿಗಳು ಒಳಗೆ ಬರುವುದಿಲ್ಲ

ಟೆರ್ರಾದ ನಿಜವಾದ ಬಲ ಇಲ್ಲಿದೆ. ‘ರಾಸ್ಟ್’ ಎಂದು ಫೈಲು ತೆರೆದಾಗ ಸಾಲು, ಕಾಲಂ, ಪದರಗಳ ಸಂಖ್ಯೆ, ರೆಸಲ್ಯೂಶನ್, ವ್ಯಾಪ್ತಿ, ನಿರ್ದೇಶಾಂಕ ವ್ಯವಸ್ಥೆ ಇಷ್ಟೇ ಓದಲ್ಪಡುತ್ತವೆ. ಬೆಲೆಗಳು, ಅಂದರೆ ಸೆಲ್‌ಗಳೊಳಗಿನ ಅಂಕಿಗಳು, ಡಿಸ್ಕಿನಲ್ಲೇ ಇರುತ್ತವೆ. ಲೆಕ್ಕ ಬಂದಾಗ ತುಂಡುತುಂಡಾಗಿ ಒಳಬಂದು, ಉತ್ತರವೂ ತುಂಡುತುಂಡಾಗಿಯೇ ಹೊರಹೋಗುತ್ತದೆ. ಅಂಕಿ ಹಾಕಿ ನೋಡಿದರೆ ಇದರ ಮಹತ್ವ ಗೊತ್ತಾಗುತ್ತದೆ. 30 ಆರ್ಕ್ ಸೆಕೆಂಡಿನ ಜಾಗತಿಕ ಗ್ರಿಡ್ಡಿನಲ್ಲಿ 43,200 ಕಾಲಂ, 21,600 ಸಾಲು, ಅಂದರೆ 93,31,20,000 ಸೆಲ್‌ಗಳು. ಲೆಕ್ಕದಲ್ಲಿ ಪ್ರತಿ ಬೆಲೆಗೂ 8 ಬೈಟ್ ಬೇಕು. ಹಾಗಾಗಿ ಒಂದೇ ಪದರಕ್ಕೆ ಸುಮಾರು 7.5 ಗಿಗಾಬೈಟ್. 0.25 ಡಿಗ್ರಿಯ ಗ್ರಿಡ್ ಸಣ್ಣದೆನಿಸಬಹುದು, ಅದರಲ್ಲಿ 1440 × 720 ಸೆಲ್‌ಗಳಷ್ಟೇ ಇವೆ. ಆದರೆ 30 ವರ್ಷದ ದಿನವಹಿ ದತ್ತಾಂಶವಾದರೆ 10,957 ಪದರ, ಒಟ್ಟು ಸುಮಾರು 91 ಗಿಗಾಬೈಟ್. ಇದನ್ನು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡಿಸಬಹುದು ಎಂಬುದೇ ಟೆರ್ರಾದ ಹೆಗ್ಗಳಿಕೆ.

ಆ ಹೆಗ್ಗಳಿಕೆಯನ್ನು ನಾವೇ ಒಂದು ಪದದಲ್ಲಿ ಹಾಳು ಮಾಡಬಹುದು. ‘ವ್ಯಾಲ್ಯೂಸ್’ ಎಂದು ಕರೆದರೆ ಎಲ್ಲ ಬೆಲೆಗಳೂ ಮ್ಯಾಟ್ರಿಕ್ಸ್ ಆಗಿ ಆರ್‌ನ ಮೆಮೊರಿಗೆ ಬಂದು ಕೂರುತ್ತವೆ. ‘ಆ್ಯಸ್ ಡೇಟಾ ಫ್ರೇಮ್’ ಅದಕ್ಕಿಂತ ಭಾರ. ಹಿಸ್ಟೋಗ್ರಾಮ್ ನೋಡಲಿಕ್ಕೋ ಮಾದರಿ ಕಟ್ಟಲಿಕ್ಕೋ ಬೆಲೆಗಳು ಬೇಕಾದರೆ ‘ಸ್ಪ್ಯಾಟ್‌ಸ್ಯಾಂಪಲ್’ನಿಂದ 10,000 ಅಥವಾ 1,00,000 ಸೆಲ್ ತೆಗೆದುಕೊಂಡರೆ ಸಾಕು. ‘ಪ್ಲಾಟ್’ ಕೂಡ ದೊಡ್ಡ ಗ್ರಿಡ್ಡನ್ನು ಪೂರ್ತಿ ಚಿತ್ರಿಸುವುದಿಲ್ಲ, ಸುಮಾರು 5,00,000 ಸೆಲ್‌ಗಳ ಮಾದರಿ ತೆಗೆದು ಬಿಡಿಸುತ್ತದೆ. ಸಪೂರ ನದಿ, ರಸ್ತೆ ಚಿತ್ರದಲ್ಲಿ ಕಾಣದಿದ್ದರೆ ದತ್ತಾಂಶದಲ್ಲೂ ಇಲ್ಲವೆಂದು ತಿಳಿಯಬೇಡಿ. ಆ ಭಾಗವನ್ನು ‘ಕ್ರಾಪ್’ ಮಾಡಿ ನೋಡಿ.

ಮೆಮೊರಿಯ ಎಷ್ಟು ಪಾಲನ್ನು ಬಳಸಬೇಕು ಎಂಬುದು ‘ಟೆರ್ರಾಆಪ್ಶನ್ಸ್’ನಲ್ಲಿದೆ. ಹಲವರು ಹಂಚಿಕೊಳ್ಳುವ ಸರ್ವರಿನಲ್ಲಿ ಇದನ್ನು ಹಾಗೆಯೇ ಬಿಡಬಾರದು. ನಿಮ್ಮ ಕೆಲಸಕ್ಕೆ 16 ಗಿಗಾಬೈಟ್ ಮಾತ್ರ ಹಂಚಿಕೆಯಾಗಿದ್ದರೂ ಟೆರ್ರಾ ಇಡೀ ಯಂತ್ರದ ಖಾಲಿ ಮೆಮೊರಿ ನೋಡಿ ಲೆಕ್ಕ ಹಾಕಿಕೊಂಡು, ಮಿತಿ ಮೀರಿದ್ದಕ್ಕೆ ಕೆಲಸವೇ ನಡುವೆ ನಿಂತುಹೋಗಬಹುದು. ‘ಮೆಮ್‌ಮ್ಯಾಕ್ಸ್’ ಎಂಬಲ್ಲಿ ಗಿಗಾಬೈಟ್ ಲೆಕ್ಕದಲ್ಲಿ ಮಿತಿ ಬರೆದುಬಿಡಿ. ತಾತ್ಕಾಲಿಕ ಫೈಲುಗಳ ಜಾಗವನ್ನೂ ಅಲ್ಲಿಯೇ ದೊಡ್ಡ ಡಿಸ್ಕಿಗೆ ತಿರುಗಿಸಿ. ಫೈಲಿನ ಹೆಸರು ಕೊಡದೆ ದೊಡ್ಡ ಲೆಕ್ಕ ಮಾಡಿದಾಗ ಉತ್ತರ ತಾತ್ಕಾಲಿಕ ಫೋಲ್ಡರಿಗೆ ಹೋಗುತ್ತದೆ, ನಾಲ್ಕೈದು ಹಂತಗಳಾದ ಮೇಲೆ ಸಿಸ್ಟಮ್ ಡಿಸ್ಕು ತುಂಬಿರುತ್ತದೆ. ಸೆಶನ್ ಮುಗಿದರೆ ಆ ಫೈಲುಗಳೂ ಹೋಗುತ್ತವೆ.

ಮೊದಲ ಐದು ನಿಮಿಷ

ಯಾವ ಫೈಲನ್ನೇ ತೆರೆಯಿರಿ, ಅದರ ಹೆಸರನ್ನು ಬರೀ ಟೈಪ್ ಮಾಡಿ ಎಂಟರ್ ಒತ್ತಿ ಬರುವ ಸಾರಾಂಶವನ್ನು ಓದಿ. ಟೆರ್ರಾ ಇದನ್ನು ಚೊಕ್ಕವಾಗಿ ತೋರಿಸುತ್ತದೆ, ಮುಂದಿನ ತಪ್ಪುಗಳಲ್ಲಿ ಅರ್ಧಕ್ಕರ್ಧ ಇಲ್ಲಿಯೇ ಸಿಕ್ಕಿಬೀಳುತ್ತವೆ. ವ್ಯಾಪ್ತಿ 0ಯಿಂದ 360 ಎಂದಿದ್ದರೆ ಅದು ಹವಾಮಾನ ಮಾದರಿಗಳ ರೇಖಾಂಶ. ‘ರೊಟೇಟ್’ ಮಾಡದೆ ಮೈನಸ್ 180ರಿಂದ 180ರ ಗಡಿ ನಕ್ಷೆಯನ್ನು ಅದರ ಮೇಲಿಟ್ಟರೆ ಪಶ್ಚಿಮಾರ್ಧ ಗೋಳ ಪೂರ್ತಿ ಖಾಲಿ ಬರುತ್ತದೆ. ಕನಿಷ್ಠ ಬೆಲೆ ಮೈನಸ್ 9999 ಅಥವಾ ಮೈನಸ್ 32768 ಎಂದಿದ್ದರೆ ಫೈಲು ಮಾಡಿದವರು ಇಲ್ಲದ ಬೆಲೆಯ ಗುರುತನ್ನು ಘೋಷಿಸಿಲ್ಲ ಎಂದರ್ಥ. ‘ಎನ್‌ಎಫ್ಲ್ಯಾಗ್’ಗೆ ಆ ಸಂಖ್ಯೆ ಕೊಡಿ. ಕೊಡದಿದ್ದರೆ ಕರಾವಳಿಯ ಪಕ್ಕದ ಸರಾಸರಿಗಳೆಲ್ಲ ಪಾತಾಳಕ್ಕಿಳಿಯುತ್ತವೆ.

ನೆಟ್‌ಸಿಡಿಎಫ್ (ಹವಾಮಾನ ದತ್ತಾಂಶಕ್ಕೆ ಹೆಚ್ಚಾಗಿ ಬಳಸುವ ಫೈಲು ರೂಪ) ಫೈಲಿನಲ್ಲಿ ಹಲವು ವೇರಿಯಬಲ್‌ಗಳಿದ್ದರೆ ಬೇಕಾದ್ದನ್ನು ಹೆಸರಿಟ್ಟೇ ತೆರೆಯಿರಿ. ‘ಟೈಮ್’ ಎಂದು ಕೇಳಿ ಮೊದಲ ಹಾಗೂ ಕೊನೆಯ ದಿನಾಂಕ ಎರಡನ್ನೂ ನೋಡಿ. ಎಷ್ಟೋ ಹವಾಮಾನ ಮಾದರಿಗಳ ಪಂಚಾಂಗದಲ್ಲಿ ಫೆಬ್ರವರಿ 29 ಇರುವುದೇ ಇಲ್ಲ. ಅಂಥ ಫೈಲಿಗೆ ನೀವೇ ಮೊದಲ ದಿನದಿಂದ ಒಂದೊಂದಾಗಿ ದಿನಾಂಕ ಎಣಿಸಿ ಅಂಟಿಸಿದರೆ 30 ವರ್ಷ ಕಳೆಯುವಷ್ಟರಲ್ಲಿ 7 ಅಥವಾ 8 ದಿನ ಹಿಂದೆ ಬಿದ್ದಿರುತ್ತೀರಿ. ನೆಟ್‌ಸಿಡಿಎಫ್ ಓದುವ ಬೇರೆ ಪ್ಯಾಕೇಜಿನಿಂದ ಅರೇ ತೆಗೆದು ಅದನ್ನು ‘ರಾಸ್ಟ್’ಗೆ ಹಾಕುವ ರೂಢಿಯೂ ಕೆಲವರಲ್ಲಿದೆ. ಆ ಅರೇಯಲ್ಲಿ ಸಾಮಾನ್ಯವಾಗಿ ಮೊದಲ ಆಯಾಮ ರೇಖಾಂಶ. ಟೆರ್ರಾದಲ್ಲಿ ಸಾಲು ಎಂದರೆ ಅಕ್ಷಾಂಶ, ಅದೂ ಉತ್ತರದಿಂದ ಕೆಳಕ್ಕೆ. ಟ್ರಾನ್ಸ್‌ಪೋಸ್ ಮಾಡಬೇಕು, ಮೇಲೆಕೆಳಗೆ ಮಗುಚಬೇಕು, ವ್ಯಾಪ್ತಿ ಹಾಕುವಾಗ ಸೆಲ್‌ನ ನಡುವಿಗೂ ಅಂಚಿಗೂ ಇರುವ ಅರ್ಧ ಸೆಲ್ ಅಂತರ ಮರೆಯಬಾರದು. ಇಷ್ಟು ಗೋಜಲು ಏಕೆ? ಫೈಲನ್ನು ನೇರವಾಗಿ ‘ರಾಸ್ಟ್’ಗೆ ಕೊಡಿ.

ಸ್ಕೇಲ್ ಮತ್ತು ಆಫ್‌ಸೆಟ್ (ನಿಜವಾದ ಬೆಲೆ ಪಡೆಯಲು ಗುಣಿಸಬೇಕಾದ, ಕೂಡಿಸಬೇಕಾದ ಸಂಖ್ಯೆಗಳು) ಫೈಲಿನಲ್ಲೇ ಬರೆದಿದ್ದರೆ ಟೆರ್ರಾ ತಾನೇ ಅನ್ವಯಿಸುತ್ತದೆ, ಬರೆದಿಲ್ಲದಿದ್ದರೆ ಅದು ನಮ್ಮ ಪಾಲಿನ ಕೆಲಸ. ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಇದಕ್ಕೆ ಒಳ್ಳೆಯ ಉದಾಹರಣೆ. 2022ರ ಜನವರಿ 25ರಿಂದ ಬಂದ ಸಂಸ್ಕರಣಾ ಆವೃತ್ತಿ 04.00ರಿಂದ ಪ್ರತಿಫಲನದ ಸಂಖ್ಯೆಗಳಿಗೆ 1000 ಸೇರಿಸಿ ಇಡುತ್ತಾರೆ. ಬ್ಯಾಂಡಿನ ಫೈಲನ್ನು ಹಾಗೆಯೇ ತೆರೆದಾಗ ಅತಿಗೆಂಪಿನಲ್ಲಿ 4000, ಕೆಂಪಿನಲ್ಲಿ 1500 ಇದೆ ಎಂದಿಟ್ಟುಕೊಳ್ಳಿ. 1000 ಕಳೆಯದೆ ಹಸಿರು ಸೂಚ್ಯಂಕ (ಎರಡರ ವ್ಯತ್ಯಾಸ ಭಾಗಿಸು ಎರಡರ ಮೊತ್ತ) ಲೆಕ್ಕ ಹಾಕಿದರೆ 2500 ಭಾಗಿಸು 5500, ಅಂದರೆ 0.45. ಕಳೆದು ಹಾಕಿದರೆ 2500 ಭಾಗಿಸು 3500, ಅಂದರೆ 0.71. ಛೇದ ಮಾತ್ರ ಬದಲಾಗುವುದರಿಂದ ನಕ್ಷೆಯ ಚಹರೆ ಹಾಗೆಯೇ ಉಳಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. 2021 ಮತ್ತು 2022ನ್ನು ಹೋಲಿಸುವವರಿಗೆ ಮಾತ್ರ ಗಿಡಮರವೆಲ್ಲ ಒಮ್ಮೆಲೇ ಸೊರಗಿದಂತೆ ಕಾಣುತ್ತದೆ. ಕೆಲವು ವಿತರಕರು ಈ 1000ವನ್ನು ಮೊದಲೇ ಕಳೆದು ಕೊಡುವುದರಿಂದ ಕುರುಡಾಗಿ ಕಳೆಯುವುದೂ ತಪ್ಪು. ಮೆಟಾಡೇಟಾ ನೋಡಿಯೇ ನಿರ್ಧರಿಸಬೇಕು.

ಪ್ರೊಜೆಕ್ಷನ್: ಅತಿ ಹೆಚ್ಚು ಹಾನಿ ಆಗುವ ಜಾಗ

ಹೊಸಬರ ಮೊದಲ ತಪ್ಪು, ‘ಸಿಆರ್‌ಎಸ್’ಗೆ ಹೊಸ ಇಪಿಎಸ್‌ಜಿ ಸಂಖ್ಯೆ ಬರೆದು ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಬಗೆ) ಬದಲಾಯಿತೆಂದು ತಿಳಿಯುವುದು. ಅದು ಡಬ್ಬಿಯ ಮೇಲಿನ ಚೀಟಿ ಬದಲಿಸಿದಂತೆ, ಒಳಗಿನ ಪದಾರ್ಥ ಅದೇ. ಚೀಟಿಯೇ ಇಲ್ಲದ ಅಥವಾ ತಪ್ಪು ಚೀಟಿಯ ಫೈಲಿಗೆ ಮಾತ್ರ ಅದನ್ನು ಬಳಸಬೇಕು. ನಿಜವಾಗಿ ಬದಲಿಸುವುದು ‘ಪ್ರಾಜೆಕ್ಟ್’.

‘ಪ್ರಾಜೆಕ್ಟ್’ನ ಒಳಗೊಂದು ಹೊಂಡವಿದೆ, ಟೆರ್ರಾದ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ನೀವು ವಿಧಾನ ಹೇಳದಿದ್ದರೆ, ಮೊದಲ ಪದರ ವರ್ಗೀಕೃತ ಎಂದು ಅದಕ್ಕೆ ಗೊತ್ತಿದ್ದಲ್ಲಿ ಹತ್ತಿರದ ಸೆಲ್ಲಿನ ಬೆಲೆ ತೆಗೆದುಕೊಳ್ಳುತ್ತದೆ. ಇಲ್ಲವಾದರೆ ಬೈಲಿನಿಯರ್, ಅಂದರೆ ಅಕ್ಕಪಕ್ಕದ ಬೆಲೆಗಳ ಮಿಶ್ರಣ. ಭೂಬಳಕೆ ಫೈಲುಗಳಲ್ಲಿ ಬಹಳಷ್ಟರಲ್ಲಿ ವರ್ಗಗಳ ಹೆಸರಿನ ಪಟ್ಟಿ ಇರುವುದಿಲ್ಲ, ಬರೀ ಸಂಖ್ಯೆ. ಆಗ ಕಾಡು 1, ನೀರು 5 ಆಗಿದ್ದರೆ ಅವೆರಡರ ಗಡಿಯಲ್ಲಿ 3 ಹುಟ್ಟುತ್ತದೆ, ಆ 3 ಎಂದರೆ ಹೊಲವಾಗಿರಬಹುದು. ಕೆರೆ ಸುತ್ತ ಇಲ್ಲದ ಹೊಲದ ಪಟ್ಟಿ ನಕ್ಷೆಯಲ್ಲಿ ಮೂಡಿಬಿಡುತ್ತದೆ. ಪರಿಹಾರ ಸುಲಭ: ವರ್ಗಗಳ ಗ್ರಿಡ್ಡಿಗೆ ಯಾವಾಗಲೂ ವಿಧಾನ ‘ನಿಯರ್’ ಎಂದು ಬರೆಯಿರಿ, ಅಥವಾ ಫೈಲು ತೆರೆದ ಕೂಡಲೇ ‘ಲೆವೆಲ್ಸ್’ಗೆ ಸಂಖ್ಯೆ ಮತ್ತು ಹೆಸರಿನ ಕೋಷ್ಟಕ ಕೊಡಿ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಮುಗಿದ ಮೇಲೆ ‘ಫ್ರೀಕ್’ ಓಡಿಸಿ ಹೊಸ ಸಂಖ್ಯೆಗಳೇನಾದರೂ ಹುಟ್ಟಿವೆಯೇ ನೋಡಿ.

ಗುರಿಯಾಗಿ ಇಪಿಎಸ್‌ಜಿ ಸಂಖ್ಯೆ ಮಾತ್ರ ಕೊಟ್ಟರೆ ರೆಸಲ್ಯೂಶನ್ನನ್ನು ಟೆರ್ರಾ ತಾನೇ ಅಂದಾಜಿಸುತ್ತದೆ, 927.43 ಮೀಟರ್‌ನಂಥ ವಿಚಿತ್ರ ಅಂಕಿ ಬರುತ್ತದೆ. ಹೀಗೆ ಬೇರೆಬೇರೆಯಾಗಿ ಪ್ರೊಜೆಕ್ಟ್ ಮಾಡಿದ ಎರಡು ಗ್ರಿಡ್‌ಗಳು ಒಂದಕ್ಕೊಂದು ಕೂರುವುದಿಲ್ಲ. ಕೂಡಿಸಲು ಹೋದರೆ ವ್ಯಾಪ್ತಿ ಹೊಂದುತ್ತಿಲ್ಲ ಎಂಬ ದೋಷ ಬರುತ್ತದೆ. ಅದು ಒಳ್ಳೆಯ ದೋಷ, ಯಾಕೆಂದರೆ ಸದ್ದು ಮಾಡುತ್ತದೆ. ಮೊದಲೇ ಒಂದು ಮಾದರಿ ಗ್ರಿಡ್ ಮಾಡಿಟ್ಟುಕೊಳ್ಳಿ: ವ್ಯಾಪ್ತಿ ದುಂಡು ಸಂಖ್ಯೆಯಲ್ಲಿ, ರೆಸಲ್ಯೂಶನ್ 1000 ಮೀಟರ್ ಎಂದು ಸ್ಪಷ್ಟವಾಗಿ. ಎಲ್ಲವನ್ನೂ ಅದರ ಮೇಲೆಯೇ ‘ಪ್ರಾಜೆಕ್ಟ್’ ಮಾಡಿ, ಆಮೇಲೆ ‘ಕಂಪೇರ್‌ಜಿಯೋಮ್’ನಿಂದ ಹೊಂದಿಕೆ ಪರೀಕ್ಷಿಸಿ. ದೋಷ ಬಂತೆಂದು ಒಂದರ ವ್ಯಾಪ್ತಿಯನ್ನು ಇನ್ನೊಂದರ ಮೇಲೆ ಬರೆದು ಬಾಯಿ ಮುಚ್ಚಿಸುವವರಿದ್ದಾರೆ. ಹಾಗೆ ಮಾಡಿದರೆ ಗ್ರಿಡ್ ಹಿಗ್ಗಿ ಇಲ್ಲವೇ ಜರುಗಿ, ತಪ್ಪು ಶಾಶ್ವತವಾಗಿ ಒಳಗೆ ಸೇರಿಕೊಳ್ಳುತ್ತದೆ.

ಪ್ರತಿ ಪ್ರೊಜೆಕ್ಷನ್ ಬೆಲೆಗಳನ್ನು ಒಂದಿಷ್ಟು ಕಲಸುತ್ತದೆ. ಜಿಲ್ಲೆವಾರು ಸರಾಸರಿ ಬೇಕೆಂದಷ್ಟೇ ಆದರೆ ಗ್ರಿಡ್ಡನ್ನು ಮುಟ್ಟಬೇಡಿ, ಗಡಿಯ ಬಹುಭುಜಗಳನ್ನು ಗ್ರಿಡ್ಡಿನ ವ್ಯವಸ್ಥೆಗೆ ತನ್ನಿ. ಬಹುಭುಜದ ಪರಿವರ್ತನೆಯಲ್ಲಿ ಕಳೆಯುವಂಥದ್ದು ಬಹಳ ಕಡಿಮೆ.

ಜನಸಂಖ್ಯೆಯಂಥ ಎಣಿಕೆಯ ಗ್ರಿಡ್‌ಗಳಿಗೆ ಬೇರೆ ನಿಯಮ. ಅಲ್ಲಿ ಒಟ್ಟು ಮೊತ್ತ ಉಳಿಯಬೇಕು, ಬೈಲಿನಿಯರ್‌ನಲ್ಲಿ ಅದು ಉಳಿಯುವುದಿಲ್ಲ. ಸಣ್ಣ ಸೆಲ್‌ನಿಂದ ದೊಡ್ಡ ಸೆಲ್‌ಗೆ ಹೋಗುವಾಗ ‘ರಿಸ್ಯಾಂಪಲ್’ನಲ್ಲಿ ‘ಸಮ್’ ವಿಧಾನವಿದೆ. ಇಲ್ಲವಾದರೆ ‘ಸೆಲ್‌ಸೈಜ್’ನಿಂದ ಭಾಗಿಸಿ ಸಾಂದ್ರತೆ ಮಾಡಿ, ಪ್ರೊಜೆಕ್ಟ್ ಮಾಡಿ, ಹೊಸ ಗ್ರಿಡ್ಡಿನ ‘ಸೆಲ್‌ಸೈಜ್’ನಿಂದ ಗುಣಿಸಿ. ಮೊದಲಿನ ಮತ್ತು ಕೊನೆಯ ಮೊತ್ತವನ್ನು ‘ಗ್ಲೋಬಲ್’ನಿಂದ ತೆಗೆದು ಪಕ್ಕಪಕ್ಕ ಇಟ್ಟು ನೋಡದೆ ಮುಂದೆ ಹೋಗಬೇಡಿ.

ಎಲ್ಲ ಚೌಕಗಳೂ ಒಂದೇ ಅಳತೆಯವಲ್ಲ

1 ಡಿಗ್ರಿಯ ಸೆಲ್ ಭೂಮಧ್ಯರೇಖೆಯಲ್ಲಿ ಸುಮಾರು 12,300 ಚದರ ಕಿಲೋಮೀಟರ್. 60 ಡಿಗ್ರಿ ಅಕ್ಷಾಂಶದಲ್ಲಿ ಅದೇ ಸೆಲ್ ಸುಮಾರು 6,200. ಜಾಗತಿಕ ತಾಪಮಾನದ ಸರಾಸರಿಯನ್ನು ಎಲ್ಲ ಸೆಲ್‌ಗಳಿಗೂ ಒಂದೇ ತೂಕ ಕೊಟ್ಟು ತೆಗೆದರೆ ಧ್ರುವಗಳ ಚಳಿ ಅಳತೆ ಮೀರಿ ಒಳಬರುತ್ತದೆ. ‘ಗ್ಲೋಬಲ್’ನಲ್ಲಿ ‘ವೇಟ್ಸ್’ ಎಂಬಲ್ಲಿ ‘ಸೆಲ್‌ಸೈಜ್’ ಕೊಟ್ಟರೆ ಈ ತೊಂದರೆ ಒಂದೇ ಸಾಲಿನಲ್ಲಿ ತೀರುತ್ತದೆ. ವಿಸ್ತೀರ್ಣದ ಲೆಕ್ಕಕ್ಕೆ ‘ಎಕ್ಸ್‌ಪ್ಯಾನ್ಸ್’ ಇದೆ. ಟೆರ್ರಾವನ್ನು ಇಲ್ಲಿ ಮನಸಾರೆ ಮೆಚ್ಚಬೇಕು: ಗ್ರಿಡ್ ವೆಬ್ ಮರ್ಕೇಟರ್‌ನಲ್ಲಿದ್ದರೂ (ಆನ್‌ಲೈನ್ ನಕ್ಷೆಗಳ ಪ್ರೊಜೆಕ್ಷನ್) ಇವೆರಡು ಫಂಕ್ಷನ್‌ಗಳು ನೆಲದ ಮೇಲಿನ ನಿಜವಾದ ವಿಸ್ತೀರ್ಣವನ್ನೇ ಕೊಡುತ್ತವೆ. ಸೆಲ್‌ಗಳನ್ನು ಎಣಿಸಿ ರೆಸಲ್ಯೂಶನ್ನಿನ ವರ್ಗದಿಂದ ಗುಣಿಸುವವರಿಗೆ 60 ಡಿಗ್ರಿಯಲ್ಲಿ ನಾಲ್ಕು ಪಟ್ಟು ಹೆಚ್ಚು ಬರುತ್ತದೆ.

ಕಾಲದ ಲೆಕ್ಕಕ್ಕೆ ‘ಟ್ಯಾಪ್’. ದಿನದ ಮಳೆಯನ್ನು ತಿಂಗಳಿಗೆ ಕೂಡಿಸುವಾಗ ‘ಮಂತ್ಸ್’ ಎಂದು ಕೊಟ್ಟರೆ 30 ವರ್ಷದ ಜನವರಿಗಳೆಲ್ಲ ಒಂದೇ ರಾಶಿಯಾಗಿ 12 ಪದರ ಬರುತ್ತದೆ. ವರ್ಷವರ್ಷದ ತಿಂಗಳು ಬೇಕಾದರೆ ‘ಇಯರ್‌ಮಂತ್ಸ್’, ಆಗ 360 ಪದರ. ಬಂದ ಪದರಗಳ ಸಂಖ್ಯೆ ನೋಡಿದರೆ ಸಾಕು, ತಪ್ಪು ತಿಳಿಯುತ್ತದೆ. ಸ್ವಂತ ಫಂಕ್ಷನ್ನಿನಲ್ಲಿ ಇಲ್ಲದ ಬೆಲೆಗಳನ್ನು ಬಿಟ್ಟು ಕೂಡಿಸು ಎಂದರೆ, ಎಲ್ಲ ದಿನವೂ ಎನ್‌ಎ (ಇಲ್ಲದ ಬೆಲೆಗೆ ಆರ್‌ನ ಗುರುತು) ಇರುವ ಸೆಲ್‌ಗೆ ಆರ್ 0 ಕೊಡುತ್ತದೆ. ಸಮುದ್ರವೆಲ್ಲ ಮಳೆಯಿಲ್ಲದ ಮರುಭೂಮಿಯಾಗುತ್ತದೆ. ಕೊನೆಯಲ್ಲಿ ಮೂಲದ ಒಂದು ಪದರದಿಂದ ‘ಮಾಸ್ಕ್’ ಹಾಕಿ, ಅಂದರೆ ಅಲ್ಲಿ ಎನ್‌ಎ ಇದ್ದ ಸೆಲ್‌ಗಳನ್ನು ಇಲ್ಲೂ ಎನ್‌ಎ ಮಾಡಿ.

ವೇಗದ ಮಾತಿಗೆ ಬಂದರೆ, ‘ಮೀನ್’, ‘ಸಮ್’, ‘ಮ್ಯಾಕ್ಸ್’ ಮುಂತಾದವನ್ನು ಹೆಸರಿನಿಂದ ಕರೆದರೆ ಲೆಕ್ಕ ಸಿ ಪ್ಲಸ್ ಪ್ಲಸ್‌ನಲ್ಲೇ ಮುಗಿಯುತ್ತದೆ. ಅದನ್ನೇ ಸ್ವಂತ ಆರ್ ಫಂಕ್ಷನ್ನಿನಲ್ಲಿ ಸುತ್ತಿ, ಸೆಲ್‌ವಾರು ಲೆಕ್ಕ ಮಾಡುವ ‘ಆ್ಯಪ್’ ಎಂಬ ಫಂಕ್ಷನ್ನಿಗೆ ಕೊಟ್ಟರೆ ಪ್ರತಿ ಸೆಲ್‌ಗೂ ಆರ್ ಒಮ್ಮೆ ಎದ್ದು ಬರಬೇಕು, ವ್ಯತ್ಯಾಸ ಎದ್ದು ಕಾಣುತ್ತದೆ. ಎರಡು ಬ್ಯಾಂಡುಗಳ ಸೂತ್ರಕ್ಕೆ ‘ಲ್ಯಾಪ್’ ಸರಿಯಾದ ಆಯ್ಕೆ. ಅದು ವೆಕ್ಟರ್‌ಗಳನ್ನೇ ಒಟ್ಟಿಗೆ ಕೊಡುತ್ತದೆ. ಪ್ರತಿ ಸೆಲ್‌ನ ಏರಿಳಿತದ ಪ್ರವೃತ್ತಿ ಲೆಕ್ಕ ಹಾಕಲು ‘ಎಲ್‌ಎಂ’ (ಸರಳರೇಖೆಯ ಮಾದರಿ ಕಟ್ಟುವ ಆರ್ ಫಂಕ್ಷನ್) ಅನ್ನು ‘ಆ್ಯಪ್’ನೊಳಗೆ ತುರುಕುವುದು ಎಲ್ಲೆಡೆ ಕಾಣುವ ಅಭ್ಯಾಸ. 10 ಲಕ್ಷ ಸೆಲ್‌ಗಳಿಗೆ 10 ಲಕ್ಷ ಸಲ ಪೂರ್ತಿ ಮಾದರಿ ಕಟ್ಟುವುದೆಂದರೆ ದಂಡ. ಆ ರೇಖೆಯ ಇಳಿಜಾರು ಎಂಬುದು ಬರೀ ತೂಕದ ಮೊತ್ತ: ಪ್ರತಿ ವರ್ಷದಿಂದ ಸರಾಸರಿ ವರ್ಷ ಕಳೆಯಿರಿ, ಅದನ್ನು ಅಂಥ ವ್ಯತ್ಯಾಸಗಳ ವರ್ಗಗಳ ಮೊತ್ತದಿಂದ ಭಾಗಿಸಿ, ಬಂದ ತೂಕಗಳಿಂದ ಪದರಗಳನ್ನು ಗುಣಿಸಿ ಕೂಡಿಸಿ. ನಡುವೆ ಎನ್‌ಎ ಇಲ್ಲದ ಸರಣಿಗೆ ಇಷ್ಟೇ ಸಾಕು. ‘ರಿಗ್ರೆಸ್’ ಎಂಬ ಸಿದ್ಧ ಫಂಕ್ಷನ್ ಕೂಡ ಇದೆ.

‘ಆ್ಯಪ್’ಗೆ ಕೊಡುವ ಫಂಕ್ಷನ್ ಎಲ್ಲ ಸೆಲ್‌ಗೂ ಒಂದೇ ಉದ್ದದ ಉತ್ತರ ಕೊಡಬೇಕು. ಇಳಿಜಾರು, ಪಿ ಬೆಲೆ ಎಂದು ಎರಡು ಸಂಖ್ಯೆ ಕೊಡುವ ಫಂಕ್ಷನ್, ಪೂರ್ತಿ ಎನ್‌ಎ ಇರುವ ಸೆಲ್‌ನಲ್ಲಿ ಒಂದೇ ಎನ್‌ಎ ಕೊಟ್ಟರೆ ಕೆಲಸ ನಿಲ್ಲುತ್ತದೆ. ಅಲ್ಲಿಯೂ ಎರಡು ಎನ್‌ಎ ಕೊಡಬೇಕು. ಸುತ್ತಲಿನ ಸೆಲ್‌ಗಳ ಕಿಟಕಿಯಿಂದ ಲೆಕ್ಕ ಹಾಕುವ ‘ಫೋಕಲ್’ನಲ್ಲೂ ಇಂಥದ್ದೊಂದಿದೆ: 3 × 3 ಕಿಟಕಿಗೆ ಒಂಬತ್ತನೇ ಒಂದರ ತೂಕ ಕೊಟ್ಟು, ‘ಸಮ್’ ಮಾಡಿ, ಎನ್‌ಎ ಬಿಡು ಎಂದರೆ ಅಂಚಿನಲ್ಲಿ ಒಂಬತ್ತರಲ್ಲಿ ಆರೇ ಸೆಲ್ ಇದ್ದು ಬೆಲೆ ಮೂರನೇ ಒಂದರಷ್ಟು ಕುಸಿಯುತ್ತದೆ. ಸರಾಸರಿ ಬೇಕಾದಲ್ಲಿ ‘ಮೀನ್’ ಎಂದೇ ಕೇಳಿ.

ನೆಲದ ಇಳಿಜಾರಿನಂಥ ಬೆಲೆಗಳನ್ನು ವರ್ಗಗಳಾಗಿ ವಿಂಗಡಿಸಲು ‘ಕ್ಲಾಸಿಫೈ’ ಬಳಸುವವರು 0ಯ ಕಡೆ ಕಣ್ಣಿಡಬೇಕು. ಸಹಜ ಸ್ಥಿತಿಯಲ್ಲಿ 0ಯಿಂದ 5 ಎಂದರೆ 5 ಒಳಗೆ, 0 ಹೊರಗೆ. ಯಾವ ವರ್ಗಕ್ಕೂ ಸೇರದ ಬೆಲೆ ಹಾಗೆಯೇ ಉಳಿಯುವುದರಿಂದ ಸಪಾಟು ನೆಲವೆಲ್ಲ 1ನೇ ವರ್ಗದ ಬದಲು 0 ಎಂಬ ಹೆಸರಿಲ್ಲದ ವರ್ಗವಾಗುತ್ತದೆ. ‘ಇನ್‌ಕ್ಲೂಡ್ ಲೋಯೆಸ್ಟ್’ ಹಾಕಿದರೆ ಸರಿ.

ಬಹುಭುಜಗಳಿಂದ ಬೆಲೆ ತೆಗೆಯುವುದು

‘ಎಕ್ಸ್‌ಟ್ರಾಕ್ಟ್’ ಸಹಜವಾಗಿ ನಡುಬಿಂದು ಬಹುಭುಜದೊಳಗೆ ಬಿದ್ದ ಸೆಲ್‌ಗಳನ್ನಷ್ಟೇ ಎಣಿಸುತ್ತದೆ. ಬಹುಭುಜದಲ್ಲಿ ಸಾವಿರಾರು ಸೆಲ್‌ಗಳಿದ್ದರೆ ಪರವಾಗಿಲ್ಲ. 0.25 ಡಿಗ್ರಿಯ ಗ್ರಿಡ್ಡಿನಿಂದ ಸಣ್ಣ ಆಡಳಿತ ಘಟಕಗಳಿಗೆ ಮಳೆ ತೆಗೆಯುವಾಗ ಒಂದೊಂದಕ್ಕೆ ಎರಡು ಮೂರು ಸೆಲ್ ಸಿಕ್ಕರೆ ಹೆಚ್ಚು. ಅಲ್ಲಿ ‘ಎಕ್ಸಾಕ್ಟ್’ ಹಾಕಲೇಬೇಕು. ಆಗ ಪ್ರತಿ ಸೆಲ್ ಎಷ್ಟು ಪಾಲು ಒಳಗಿದೆಯೋ ಅಷ್ಟು ತೂಕ. ಎನ್‌ಎ ಬಿಡಲು ಹೇಳದಿದ್ದರೆ ಕರಾವಳಿಯ ಘಟಕಗಳೆಲ್ಲ ಎನ್‌ಎ ಆಗಿ ಬರುತ್ತವೆ. ಬಿಂದುಗಳನ್ನು ಬರೀ ಮ್ಯಾಟ್ರಿಕ್ಸ್ ಆಗಿ ಕೊಟ್ಟರೆ ಅವು ಯಾವ ನಿರ್ದೇಶಾಂಕ ವ್ಯವಸ್ಥೆಯವು ಎಂಬ ತಪಾಸಣೆಯೇ ನಡೆಯುವುದಿಲ್ಲ. ಮೊದಲ ಕಾಲಂ ರೇಖಾಂಶ, ಎರಡನೆಯದು ಅಕ್ಷಾಂಶ. ಅದಲುಬದಲಾದರೆ ಎನ್‌ಎ ಬಂದೀತು, ಇಲ್ಲವೇ ಬೇರೆ ಯಾವುದೋ ಖಂಡದ ಬೆಲೆ ಬಂದೀತು. ಗಡಿಗೆ ಕತ್ತರಿಸುವಾಗ ಮೊದಲು ‘ಕ್ರಾಪ್’, ಆಮೇಲೆ ‘ಮಾಸ್ಕ್’. ಹಿಂದುಮುಂದಾದರೆ ಇಡೀ ಜಗತ್ತಿಗೆ ಮಾಸ್ಕ್ ಹಾಕಿ ಸಮಯ ಕಳೆಯುತ್ತೀರಿ.

ಬರೆದಿಡುವಾಗ

‘ರೈಟ್‌ರಾಸ್ಟರ್’ ಸಾಮಾನ್ಯವಾಗಿ 4 ಬೈಟಿನ ದಶಮಾಂಶ ಸಂಖ್ಯೆಯಾಗಿ ಬರೆಯುತ್ತದೆ. ತಾಪಮಾನಕ್ಕೆ ಅದು ಸಾಕು. ವರ್ಗಗಳ ನಕ್ಷೆಗೆ ಸುಮ್ಮನೆ ದಂಡ: ಸೆಂಟಿನೆಲ್-2ರ 10,980 × 10,980 ಸೆಲ್‌ಗಳ ಒಂದು ಟೈಲ್ ಹೀಗೆ ಬರೆದರೆ, ಕುಗ್ಗಿಸುವ ಮೊದಲು, ಸುಮಾರು 482 ಮೆಗಾಬೈಟ್, 1 ಬೈಟಿನ ಪೂರ್ಣಾಂಕವಾಗಿ ಬರೆದರೆ 121. ಆದರೆ ಆ 1 ಬೈಟಿನಲ್ಲಿ 255 ಎನ್‌ಎ ಗುರುತಿಗೆ ಮೀಸಲು, 255 ಎಂಬ ನಿಜವಾದ ವರ್ಗವಿದ್ದರೆ ಮಾಯವಾಗುತ್ತದೆ. ಇನ್ನೊಂದು ಕಡೆ, ಜಲಾನಯನ ಪ್ರದೇಶಗಳ ಗುರುತು ಸಂಖ್ಯೆಯಂಥ ದೊಡ್ಡ ಪೂರ್ಣಾಂಕಗಳಿಗೆ 4 ಬೈಟಿನ ದಶಮಾಂಶ ಅಪಾಯ. 1,67,77,216ರ ಮೇಲೆ ಎಲ್ಲ ಪೂರ್ಣಾಂಕವೂ ಅದರಲ್ಲಿ ಹಿಡಿಸುವುದಿಲ್ಲ. ಪಕ್ಕಪಕ್ಕದ ಎರಡು ಜಲಾನಯನಗಳು ಒಂದೇ ಸಂಖ್ಯೆಗೆ ಇಳಿದುಬಿಡುತ್ತವೆ. ಅಲ್ಲಿ 4 ಬೈಟಿನ ಪೂರ್ಣಾಂಕವೇ ಆಗಬೇಕು. ಕಂಪ್ರೆಶನ್‌ಗೆ ಡಿಫ್ಲೇಟ್, ಜೊತೆಗೆ ಪೂರ್ಣಾಂಕಕ್ಕೆ ಪ್ರೆಡಿಕ್ಟರ್ 2, ದಶಮಾಂಶಕ್ಕೆ 3 ಹಾಕಿ. ಎತ್ತರ, ತಾಪಮಾನದಂಥ ನುಣುಪಾದ ದತ್ತಾಂಶದಲ್ಲಿ ಫೈಲು ಚೆನ್ನಾಗಿ ಕುಗ್ಗುತ್ತದೆ. ಓದುತ್ತಿರುವ ಫೈಲಿನ ಮೇಲೆಯೇ ಬರೆಯಲು ಟೆರ್ರಾ ಬಿಡುವುದಿಲ್ಲ, ಒಳ್ಳೆಯದೇ.

ಸ್ಪ್ಯಾಟ್‌ರಾಸ್ಟರ್ ಎಂಬುದು ಸಿ ಪ್ಲಸ್ ಪ್ಲಸ್ ಕಡೆಗೆ ತೋರುವ ಒಂದು ಪಾಯಿಂಟರ್, ಅಂದರೆ ಮೆಮೊರಿಯಲ್ಲಿನ ವಿಳಾಸ, ಅಷ್ಟೇ. ಆದ್ದರಿಂದ ‘ಸೇವ್’ ಮಾಡಿಟ್ಟ ವರ್ಕ್‌ಸ್ಪೇಸನ್ನು ಮರುದಿನ ತೆರೆದರೆ ಹೆಸರು ಇರುತ್ತದೆ, ಒಳಗೆ ಜೀವ ಇರುವುದಿಲ್ಲ; ಪಾಯಿಂಟರ್ ಸರಿಯಿಲ್ಲ ಎಂಬ ದೋಷ ಬರುತ್ತದೆ. ಗ್ರಿಡ್ಡನ್ನು ಟಿಫ್ ಆಗಿಯೇ ಬರೆದಿಡಿ. ಹಲವು ಕೋರ್‌ಗಳಿಗೆ ಕೆಲಸ ಹಂಚುವಾಗಲೂ ಇದೇ ಸಮಸ್ಯೆ: ವಸ್ತುವನ್ನು ಕಳಿಸಬೇಡಿ, ಫೈಲಿನ ಹೆಸರು ಕಳಿಸಿ ಅಲ್ಲಿ ತೆರೆಯಿಸಿ, ಅಥವಾ ‘ರ‍್ಯಾಪ್’ ಮಾಡಿ ಕಳಿಸಿ ‘ಅನ್‌ರ‍್ಯಾಪ್’ ಮಾಡಿ. ‘ಆ್ಯಪ್’ನಲ್ಲೇ ‘ಕೋರ್ಸ್’ ಎಂಬ ಆಯ್ಕೆ ಇದೆ, ಭಾರವಾದ ಫಂಕ್ಷನ್ನಿಗೆ ಉಪಕಾರಿ. ಹಗುರವಾದ ಲೆಕ್ಕಕ್ಕೆ ದತ್ತಾಂಶ ಸಾಗಿಸುವುದರಲ್ಲೇ ಉಳಿಸಿದ ಸಮಯ ಕಳೆಯುತ್ತದೆ.

ಸಹಾಯ ಪುಟಗಳು ನಿಖರವಾಗಿವೆ ಆದರೆ ಬಿಗಿಯಾಗಿವೆ, ಉದಾಹರಣೆಗಳು ತೀರ ಸಣ್ಣವು. ಹೊಸ ಆವೃತ್ತಿಗಳು ಬೇಗಬೇಗ ಬರುತ್ತವೆ, ದೋಷಗಳು ಬೇಗ ದುರಸ್ತಿಯಾಗುತ್ತವೆ. ಒಂದೊಂದು ಸಲ ಫಂಕ್ಷನ್ನಿನ ನಡವಳಿಕೆಯೂ ಬದಲಾಗುವುದರಿಂದ ದೀರ್ಘ ಯೋಜನೆಗಳಲ್ಲಿ ‘ಆರ್‌ಎನ್ವ್’ ಬಳಸಿ ಆವೃತ್ತಿ ಕಟ್ಟಿಹಾಕಿ. ಟೈಡಿಆರ್ ಪ್ಯಾಕೇಜಿನಲ್ಲೂ ‘ಎಕ್ಸ್‌ಟ್ರಾಕ್ಟ್’ ಇದೆ, ಕೊನೆಯಲ್ಲಿ ಲೋಡ್ ಆದದ್ದೇ ಗೆಲ್ಲುತ್ತದೆ. ಪ್ಯಾಕೇಜಿನ ಹೆಸರು ಸೇರಿಸಿ ಬರೆಯುವುದು ಕ್ಷೇಮ.

ಲಕ್ಷಗಟ್ಟಲೆ ಬಹುಭುಜಗಳಿಂದ ಸರಾಸರಿ ತೆಗೆಯುವುದೇ ಮುಖ್ಯ ಕೆಲಸವಾದರೆ ‘ಎಕ್ಸಾಕ್ಟ್‌ಎಕ್ಸ್‌ಟ್ರಾಕ್ಟ್‌ಆರ್’ ಪ್ಯಾಕೇಜನ್ನು ಜೊತೆಗಿಟ್ಟುಕೊಳ್ಳಿ, ಅದು ಆ ಒಂದೇ ಕೆಲಸಕ್ಕೆಂದು ಮಾಡಿದ್ದು. ಸಾಲು, ಕಾಲಂಗಳು ಅಕ್ಷಾಂಶ ರೇಖಾಂಶಗಳ ಜೊತೆ ಬಾಗಿ ಹೋಗುವ ಸಾಗರ ಮಾದರಿಗಳ ಗ್ರಿಡ್ಡಿಗೆ ಟೆರ್ರಾದಲ್ಲಿ ಜಾಗವಿಲ್ಲ. ಅದಕ್ಕೆ ‘ಸ್ಟಾರ್ಸ್’ ಬೇಕು. ಅಂಥ ಫೈಲನ್ನು ಟೆರ್ರಾದಲ್ಲಿ ತೆರೆದಿದ್ದೀರೋ ಎಂದು ತಿಳಿಯುವ ಗುರುತು ಸರಳ: ವ್ಯಾಪ್ತಿಯಲ್ಲಿ ಅಕ್ಷಾಂಶ ರೇಖಾಂಶಗಳ ಬದಲು 0ಯಿಂದ ಕಾಲಂಗಳ ಸಂಖ್ಯೆಯವರೆಗೆ, 0ಯಿಂದ ಸಾಲುಗಳ ಸಂಖ್ಯೆಯವರೆಗೆ ಎಂದು ಕಾಣುತ್ತದೆ. ಅದು ಕಂಡ ಕೂಡಲೇ ನಿಲ್ಲಿಸಿ, ಫೈಲನ್ನು ಮೊದಲು ಸಮ ಅಂತರದ ಗ್ರಿಡ್ಡಿಗೆ ಇಳಿಸಿಕೊಂಡು ಮತ್ತೆ ಬನ್ನಿ.